ಜೇಬಿನಲ್ಲಿದೆ ಬೀಗದ ಕೈ ಗೊಂಚಲು, ಜೋಪಾನ!

ದ್ವಿತೀಯ ಪಿಯುಸಿ ಮುಗಿಸಿದ ಒಬ್ಬ ವಿದ್ಯಾರ್ಥಿಗೆ ಈಗ ಎಷ್ಟು ಪಾಸ್‌ವರ್ಡ್‌ಗಳು ಬೇಕು? ಬೆರಳು ಮಡಿಸಿ ಎಣಿಸೋಣ. ಸಿಇಟಿ ಅರ್ಜಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ ಒಂದು. ನೀಟ್ ಅಥವಾ ಜೆಇಇ ಬರೆಯುವುದಾದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ತಾಣದಲ್ಲಿ ಇನ್ನೊಂದು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಒಂದು, ಕೇಂದ್ರದ್ದಕ್ಕೆ ಮತ್ತೊಂದು. ಅಂಕಪಟ್ಟಿ ಇಟ್ಟುಕೊಳ್ಳುವ ಡಿಜಿಲಾಕರ್‌ಗೆ ಆರು ಅಂಕಿಯ ಗುಟ್ಟು. ಪದವಿಗೆ ಸೇರಿದರೆ ಯುಯುಸಿಎಂಎಸ್. ಇವೆಲ್ಲಕ್ಕೂ ಬೇರಿನಂತಿರುವ ಇ-ಮೇಲ್‌ಗೆ ಒಂದು. ಇದಕ್ಕೆ ಅಪ್ಪನ ಬ್ಯಾಂಕು, ಅಮ್ಮನ ಫೋನ್ ಪಾವತಿ, ರೈಲು ಟಿಕೆಟು, ಕರೆಂಟು ಬಿಲ್ಲು ಸೇರಿದರೆ ಎರಡು ಕೈಯ ಬೆರಳುಗಳೂ ಸಾಲವು.

ಇವೆಲ್ಲ ಎಲ್ಲಿವೆ ಎಂದು ಕೇಳಿದರೆ ಬಹುಪಾಲು ಮನೆಗಳಲ್ಲಿ ಸಿಗುವ ಉತ್ತರ ಒಂದೇ: ‘ಫೋನಿನಲ್ಲಿ ಎಲ್ಲೋ ಇದೆ.’ ಆ ‘ಎಲ್ಲೋ’ ಎಂಬುದನ್ನು ಸ್ವಲ್ಪ ಕೆದಕಿ ನೋಡಿ. ಫೋನ್ ನಂಬರುಗಳ ಪಟ್ಟಿಯಲ್ಲಿ ‘ಎಟಿಎಂ ಮಾಮ’ ಎಂಬ ಕಳ್ಳಹೆಸರಿನ ಮುಂದೆ ನಾಲ್ಕು ಅಂಕಿ. ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಸಂದೇಶ. ಡೈರಿಯ ಹಾಳೆಯನ್ನು ಹಿಡಿದು ತೆಗೆದ ಒಂದು ಫೋಟೊ. ಫೋನಿನ ಕವರಿನೊಳಗೆ ನಾಲ್ಕಾಗಿ ಮಡಿಸಿಟ್ಟ ಚೀಟಿ. ಹಲವರ ವಿಷಯದಲ್ಲಂತೂ ಅದು ಅವರ ಬಳಿ ಇಲ್ಲವೇ ಇಲ್ಲ. ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವರ ನೋಟ್‌ಬುಕ್ಕಿನಲ್ಲಿ ಇದೆ.

ಇದರಲ್ಲಿ ಏನು ಮಹಾ ಅನರ್ಥ ಎನ್ನಬೇಡಿ. ಸಿಇಟಿ ರ‍್ಯಾಂಕ್ ಬಂದ ಮೇಲೆ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಬಯಸುತ್ತೇವೆ ಎಂಬ ಪಟ್ಟಿಯನ್ನು ವಿದ್ಯಾರ್ಥಿ ತನ್ನ ಲಾಗಿನ್‌ನಿಂದಲೇ ದಾಖಲಿಸಬೇಕು. ಎರಡು ವರ್ಷ ಓದಿ ಗಳಿಸಿದ ರ‍್ಯಾಂಕ್ ಕೊನೆಗೆ ಸೀಟಾಗುವುದು ಆ ಪಟ್ಟಿಯ ಮೂಲಕ. ವಿದ್ಯಾರ್ಥಿವೇತನದ ಹಣ, ಅಪ್ಪನ ಉಳಿತಾಯ ಖಾತೆ, ಹತ್ತು ವರ್ಷದ ಫೋಟೊಗಳು ಎಲ್ಲವೂ ಇಂಥದೇ ಎಂಟು ಹತ್ತು ಅಕ್ಷರಗಳ ಹಿಂದೆ ಕುಳಿತಿವೆ. ಬೇರೆಯವರ ಕೈಗೆ ಅವು ಸಿಕ್ಕರೆ ಒಂದು ಬಗೆಯ ನಷ್ಟ. ಕೊನೆಯ ದಿನಾಂಕದ ರಾತ್ರಿ ನಮಗೇ ಅವು ಸಿಗದೆ ಹೋದರೆ ಇನ್ನೊಂದು ಬಗೆಯ ನಷ್ಟ.

ಹಾಗೆಂದು ಪಾಸ್‌ವರ್ಡ್‌ಗಳನ್ನು ಫೋನಿನಲ್ಲಿ ಇಡಲೇಬಾರದೆಂದು ಈ ಲೇಖನ ಹೇಳುತ್ತಿಲ್ಲ. ಇಡಬಹುದು, ಸರಿಯಾಗಿ ಇಟ್ಟರೆ ಅದೇ ಒಳ್ಳೆಯದು. ಆದರೆ ಅವನ್ನು ಬಿಡಿಬಿಡಿಯಾಗಿ ಚೆಲ್ಲಬಾರದು; ಬೀಗ ಹಾಕಿದ ಒಂದೇ ಪೆಟ್ಟಿಗೆಯಲ್ಲಿಡಬೇಕು. ಆ ಪೆಟ್ಟಿಗೆಯ ಬೀಗದ ಕೈ ಮಾತ್ರ ಫೋನಿನ ಹೊರಗಿರಬೇಕು. ಹೀಗೇಕೆ ಎಂಬುದರ ಹಿಂದೆ ಸ್ವಾರಸ್ಯಕರವಾದ ಗಣಿತವಿದೆ. ಅದು ಹೈಸ್ಕೂಲು ವಿದ್ಯಾರ್ಥಿಗೂ ಎಟಕುವಂಥದು.

ಫೋನು ಗುಟ್ಟು ಕಾಯುವುದಿಲ್ಲ

ಮೊದಲಿಗೆ, ನಾವು ಸುರಕ್ಷಿತವೆಂದು ನಂಬಿರುವ ಜಾಗಗಳನ್ನು ಪರೀಕ್ಷಿಸೋಣ. ಫೋನ್ ನಂಬರುಗಳ ಪಟ್ಟಿ ಬಹುತೇಕ ಫೋನುಗಳಲ್ಲಿ ಮಾಲೀಕನ ಇ-ಮೇಲ್ ಖಾತೆಗೂ ನಕಲಾಗುತ್ತಿರುತ್ತದೆ. ಅಲ್ಲದೆ ನಾವು ಹಾಕಿಕೊಳ್ಳುವ ಎಷ್ಟೋ ಆ್ಯಪ್‌ಗಳು ಈ ಪಟ್ಟಿಯನ್ನು ಓದಲು ಅನುಮತಿ ಕೇಳುತ್ತವೆ. ನಾವು ಓದದೆಯೇ ‘ಒಪ್ಪಿಗೆ’ ಒತ್ತಿರುತ್ತೇವೆ. ‘ಎಟಿಎಂ ಮಾಮ’ನ ಗುಟ್ಟು ಆಗಲೇ ಊರು ಸುತ್ತಲು ಹೊರಟಂತಾಯಿತು.

ಫೋಟೊ ಆದರೆ ಯಾರೂ ಓದಲಾರರು ಎಂಬ ನಂಬಿಕೆಯೂ ಹಳೆಯದಾಯಿತು. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ವಿದ್ಯೆ ಈಗ ಫೋನಿನಲ್ಲಿಯೇ ಇದೆ. 2025ರ ಆರಂಭದಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು ‘ಸ್ಪಾರ್ಕ್‌ಕ್ಯಾಟ್’ ಎಂದು ಹೆಸರಿಟ್ಟ ಒಂದು ಕಳ್ಳ ತಂತ್ರಾಂಶವನ್ನು ಬಯಲಿಗೆಳೆದರು. ಅದು ಸಾಮಾನ್ಯ ಆ್ಯಪ್‌ಗಳೊಳಗೆ ಅಡಗಿ, ಫೋಟೊ ಸಂಗ್ರಹವನ್ನು ನೋಡಲು ಅನುಮತಿ ಪಡೆದು, ಚಿತ್ರಗಳಲ್ಲಿ ಗುಪ್ತಪದಗಳನ್ನು ಹುಡುಕುತ್ತಿತ್ತು. ಗೂಗಲ್ ಮತ್ತು ಆಪಲ್ ಎರಡರ ಅಧಿಕೃತ ಆ್ಯಪ್ ಮಳಿಗೆಗಳಲ್ಲೂ ಅದು ಸಿಕ್ಕಿತೆಂಬುದು ಗಮನಾರ್ಹ.

ಇನ್ನು ವಾಟ್ಸಾಪ್. ಅದರ ಸಂದೇಶಗಳು ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗುತ್ತವೆ ಎಂಬುದು ನಿಜ. ಆದರೆ ಬಂದು ತಲುಪಿದ ಮೇಲೆ ತೆರೆದ ಫೋನು ಯಾರ ಕೈಯಲ್ಲಿದೆಯೋ ಅವರೆಲ್ಲ ಓದಬಹುದು. ಒಂದೇ ಫೋನನ್ನು ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹಂಚಿಕೊಳ್ಳುವ ಮನೆಗಳಲ್ಲಿ ‘ಯಾರ ಕೈಯಲ್ಲಿದೆ’ ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ.

ಹತ್ತು ಬೀಗಕ್ಕೆ ಒಂದೇ ಕೈ

‘ಇಷ್ಟೆಲ್ಲ ತಾಪತ್ರಯವೇ ಬೇಡ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ನೆನಪಿಟ್ಟುಕೊಳ್ಳುತ್ತೇನೆ’ ಎನ್ನುವವರಿದ್ದಾರೆ. ಈ ಜಾಣತನದ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. 2023ರಲ್ಲಿ ಅಮೆರಿಕದ ‘23 ಆ್ಯಂಡ್ ಮಿ’ ಎಂಬ ವಂಶವಾಹಿ ಪರೀಕ್ಷೆಯ ಕಂಪನಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಅವರು ಯಾವ ಬೀಗವನ್ನೂ ಮುರಿಯಲಿಲ್ಲ. ಬೇರೆ ತಾಣಗಳಿಂದ ಹಿಂದೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಇಲ್ಲಿ ಒಂದೊಂದಾಗಿ ಹಾಕಿ ನೋಡಿದರು, ಅಷ್ಟೇ. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದವರ ಬಾಗಿಲು ತೆರೆಯಿತು. ಆ ಖಾತೆಗಳಿಗೆ ಬಂಧುತ್ವದ ಕೊಂಡಿ ಇದ್ದುದರಿಂದ ಒಟ್ಟು 69 ಲಕ್ಷ ಜನರ ವಿವರಗಳು ಹೊರಬಿದ್ದವು.

ಅಂದರೆ, ನಿಮ್ಮ ಬ್ಯಾಂಕು ಎಷ್ಟೇ ಭದ್ರವಾಗಿರಲಿ, ಅದೇ ಪಾಸ್‌ವರ್ಡನ್ನು ನೀವು ಒಂದು ಆಟದ ತಾಣಕ್ಕೂ ಕೊಟ್ಟಿದ್ದರೆ ಬ್ಯಾಂಕಿನ ಭದ್ರತೆ ಆ ಆಟದ ತಾಣದ ಮಟ್ಟಕ್ಕೆ ಇಳಿಯುತ್ತದೆ. ಹತ್ತು ಬೀಗಗಳಿಗೆ ಹತ್ತು ಬೇರೆ ಕೈಗಳೇ ಬೇಕು.

ಬೀಸಿದ ಹಿಟ್ಟು ಮತ್ತೆ ರಾಗಿಯಾಗದು

ತಾಣಗಳಿಂದ ಪಾಸ್‌ವರ್ಡ್ ಸೋರುವುದಾದರೂ ಹೇಗೆ? ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ. ಫರ್ನಾಂಡೊ ಕೊರ್ಬಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ರೂಪಿಸಿದಾಗ, ಒಬ್ಬರ ಕಡತ ಇನ್ನೊಬ್ಬರ ಕಣ್ಣಿಗೆ ಬೀಳದಿರಲೆಂದು ಪಾಸ್‌ವರ್ಡ್ ಇಟ್ಟರು. ಎಲ್ಲರ ಪಾಸ್‌ವರ್ಡ್‌ಗಳೂ ಒಂದು ಕಡತದಲ್ಲಿ ಬರೆದಂತೆಯೇ ಇದ್ದವು. ಆ ದಶಕದ ನಡುವೆ ಒಂದು ದಿನ ತಂತ್ರಾಂಶದ ಎಡವಟ್ಟಿನಿಂದ ಆ ಕಡತವೂ ದಿನದ ಸೂಚನೆಯ ಕಡತವೂ ಅದಲು ಬದಲಾದವು. ಕಂಪ್ಯೂಟರ್ ಮುಂದೆ ಕುಳಿತವರಿಗೆಲ್ಲ ‘ಇಂದಿನ ಸೂಚನೆ’ಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡೂ ಕಾಣಿಸಿತು!

ಪಾಠ ಸ್ಪಷ್ಟವಿತ್ತು: ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡಬಾರದು. ಹಾಗಾದರೆ ತಾಣವು ನಮ್ಮನ್ನು ಗುರುತಿಸುವುದು ಹೇಗೆ? ಬೀಸುವ ಕಲ್ಲನ್ನು ನೆನೆಯಿರಿ. ರಾಗಿಯಿಂದ ಹಿಟ್ಟು ಮಾಡಬಹುದು; ಹಿಟ್ಟಿನಿಂದ ರಾಗಿ ಮಾಡಲಾಗದು. ಅಂಥದೇ ಏಕಮುಖ ಗಣಿತ ಕ್ರಿಯೆಯೊಂದಿದೆ. ಅದಕ್ಕೆ ಹ್ಯಾಶ್ ಎಂದು ಹೆಸರು. ಪಾಸ್‌ವರ್ಡನ್ನು ಅದರಲ್ಲಿ ಬೀಸಿದಾಗ ಅರ್ಥವಿಲ್ಲದ ಉದ್ದನೆಯ ಅಂಕಿ ಅಕ್ಷರಗಳ ಸಾಲು ಬರುತ್ತದೆ. ತಾಣ ಇಟ್ಟುಕೊಳ್ಳುವುದು ಈ ಹಿಟ್ಟನ್ನು ಮಾತ್ರ. ಮರುದಿನ ನೀವು ಪಾಸ್‌ವರ್ಡ್ ಕೊಟ್ಟಾಗ ಮತ್ತೆ ಬೀಸಿ, ಎರಡು ಹಿಟ್ಟೂ ಒಂದೇ ಆದರೆ ಒಳಗೆ ಬಿಡುತ್ತದೆ.

ಆದರೆ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹಿಟ್ಟೂ ಒಂದೇ ಆಗಿ ಗುಟ್ಟು ಬಯಲಾಗುತ್ತದಲ್ಲ? ಅದಕ್ಕೆ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ಏನನ್ನಾದರೂ ಬೆರೆಸಿ ಬೀಸುತ್ತಾರೆ. ಈ ವಿದ್ಯೆಯವರು ಅದನ್ನು ‘ಉಪ್ಪು’ ಎಂದೇ ಕರೆಯುತ್ತಾರೆ! ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದರು.

ವಿದ್ಯೆ ಗೊತ್ತಿದ್ದರೂ ಎಲ್ಲರೂ ಪಾಲಿಸುವುದಿಲ್ಲವೆಂಬುದೇ ದುರ್ದೈವ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಹೊರಬಿದ್ದಾಗ ಅವೆಲ್ಲ ಬೀಸದ ರಾಗಿಯಂತೆ ಇದ್ದಂತೆಯೇ ಇದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456! 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದವುಗಳನ್ನು ಬೀಸಲಾಗಿತ್ತು, ಆದರೆ ಉಪ್ಪು ಬೆರೆಸಿರಲಿಲ್ಲ. ಯಾವ ತಾಣ ಯಾವ ಕ್ರಮ ಅನುಸರಿಸುತ್ತಿದೆಯೆಂದು ಹೊರಗಿನಿಂದ ನಮಗೆ ತಿಳಿಯದು. ನಮ್ಮ ಕೈಯಲ್ಲಿರುವುದು, ಒಂದು ಕಡೆ ಸೋರಿದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬಾರದಂತೆ ನೋಡಿಕೊಳ್ಳುವುದು.

ಕಾವಲಿರುವ ಬಾಗಿಲು, ಕಾವಲಿಲ್ಲದ ಪೆಟ್ಟಿಗೆ

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ಅಂಕಿಯ ಪಿನ್‌ಗೆ 10,000 ಸಾಧ್ಯತೆಗಳಿವೆ. ಆರು ಅಂಕಿಗೆ 10 ಲಕ್ಷ. ಇಷ್ಟು ಸಣ್ಣ ಸಂಖ್ಯೆಯನ್ನು ನಂಬಿ ಬ್ಯಾಂಕುಗಳು ಎಟಿಎಂ ನಡೆಸುವುದು ಹೇಗೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬೇಕು. ಉತ್ತರ: ಅಲ್ಲಿ ಕಾವಲುಗಾರನಿದ್ದಾನೆ. ಕೆಲವೇ ಬಾರಿ ತಪ್ಪಿದರೆ ಕಾರ್ಡು ನಿಷ್ಕ್ರಿಯವಾಗುತ್ತದೆ. ಈಚಿನ ಫೋನುಗಳಲ್ಲೂ ತಪ್ಪು ಪಿನ್ ಒತ್ತಿದಷ್ಟೂ ಮುಂದಿನ ಪ್ರಯತ್ನಕ್ಕೆ ಕಾಯುವ ಹೊತ್ತು ಹೆಚ್ಚುತ್ತ ಹೋಗುತ್ತದೆ. ಹೀಗಾಗಿ ಫೋನಿಗೆ ಆರು ಅಂಕಿ ಸಾಕು. ಅದು 123456 ಆಗಿರಬಾರದು, ಹುಟ್ಟಿದ ದಿನಾಂಕವೂ ಆಗಿರಬಾರದು ಎಂಬುದು ಷರತ್ತು.

ಆದರೆ ತಾಣವೊಂದರಿಂದ ಹಿಟ್ಟಿನ ಚೀಲವನ್ನೇ ಹೊತ್ತೊಯ್ದ ಕಳ್ಳನಿಗೆ ಕಾವಲುಗಾರನ ಕಾಟವಿಲ್ಲ. ತನ್ನ ಮನೆಯಲ್ಲಿ ಕುಳಿತು, ಒಂದೊಂದೇ ಊಹೆಯನ್ನು ಬೀಸಿ, ಹಿಟ್ಟು ಹೊಂದುತ್ತದೆಯೇ ಎಂದು ನೋಡುತ್ತಾನೆ. ಹಳೆಯ ಕಾಲದ ಹಗುರ ಬೀಸುವಿಕೆಯಾದರೆ, ಆಟಗಳಿಗೆಂದು ಮಾರುವ ಒಂದು ಒಳ್ಳೆಯ ಚಿತ್ರ ಸಂಸ್ಕಾರಕ ಸೆಕೆಂಡಿಗೆ 1000 ಕೋಟಿಗೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. ಸಣ್ಣಕ್ಷರಗಳ ಎಂಟಕ್ಷರದ ಪಾಸ್‌ವರ್ಡಿಗೆ 26ರ ಎಂಟನೆಯ ಘಾತ, ಅಂದರೆ ಸುಮಾರು 20,900 ಕೋಟಿ ಸಾಧ್ಯತೆಗಳು. 1000 ಕೋಟಿಯಿಂದ ಭಾಗಿಸಿ: ಎಲ್ಲವನ್ನೂ ಮುಗಿಸಲು 21 ಸೆಕೆಂಡು! ಅದೇ ಹನ್ನೆರಡಕ್ಷರವಾದರೆ 110 ದಿನ. ಹದಿನಾರಾದರೆ ಸುಮಾರು 1,38,000 ವರ್ಷ. ಎಂಟು ಅಕ್ಷರ ಹೆಚ್ಚಾದದ್ದಕ್ಕೆ ಸೆಕೆಂಡುಗಳು ಲಕ್ಷ ವರ್ಷವಾದವು. ಉದ್ದದಲ್ಲಿರುವ ಶಕ್ತಿ ಇದು.

ಒಂದು ಎಚ್ಚರಿಕೆ. ಈ ಲೆಕ್ಕ ಅಕ್ಷರಗಳು ಗೊತ್ತುಗುರಿಯಿಲ್ಲದೆ ಬಿದ್ದಾಗ ಮಾತ್ರ ನಿಜ. ಮಗಳ ಹೆಸರು, ಅದರ ಮುಂದೆ ಹುಟ್ಟಿದ ಇಸವಿ, ಕೊನೆಗೊಂದು ಚಿಹ್ನೆ ಎಂಬ ಮಾದರಿ ಎಷ್ಟೇ ಉದ್ದವಿದ್ದರೂ ಕಳ್ಳನ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಇರುತ್ತದೆ.

ಗೂಢಲಿಪಿಯ ಪೆಟ್ಟಿಗೆ

ಹದಿನಾರು ಅಕ್ಷರದ, ಅರ್ಥವಿಲ್ಲದ, ಪ್ರತಿ ತಾಣಕ್ಕೂ ಬೇರೆಯಾದ ಪಾಸ್‌ವರ್ಡ್. ಇಂಥ ಇಪ್ಪತ್ತನ್ನು ಯಾವ ಮನುಷ್ಯನೂ ನೆನಪಿಡಲಾರ, ನೆನಪಿಡಬೇಕಾಗಿಯೂ ಇಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಇರುವುದೇ ಇದಕ್ಕೆ. ಅದು ಪಾಸ್‌ವರ್ಡ್‌ಗಳನ್ನು ತಾನೇ ಸೃಷ್ಟಿಸಿ, ಒಂದು ಕಡತದಲ್ಲಿ ಸೇರಿಸಿ, ಆ ಇಡೀ ಕಡತವನ್ನು ಗೂಢಲಿಪಿಗೆ ತಿರುಗಿಸಿ ಇಡುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ಎಇಎಸ್ ಎಂಬ ಕ್ರಮವನ್ನು ರೂಪಿಸಿದವರು ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್. 2001ರಲ್ಲಿ ಅಮೆರಿಕ ಸರ್ಕಾರ ಅದನ್ನು ಮಾನಕವಾಗಿ ಒಪ್ಪಿತು. ಅದರ ವಿಧಾನ ಪುಸ್ತಕಗಳಲ್ಲಿ ಬಹಿರಂಗವಾಗಿಯೇ ಇದೆ. ಬೀಗದ ಒಳರಚನೆ ಜಗತ್ತಿಗೆಲ್ಲ ತಿಳಿದಿದ್ದರೂ ಕೈ ಇಲ್ಲದವನಿಗೆ ತೆರೆಯದಿರಬೇಕು. ಅದೇ ಒಳ್ಳೆಯ ಬೀಗ. 1883ರಷ್ಟು ಹಿಂದೆಯೇ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ ಈ ತತ್ವವನ್ನು ಹೇಳಿದ್ದ.

ಈ ಪೆಟ್ಟಿಗೆಯನ್ನು ತೆರೆಯುವುದು ಒಂದೇ ಮುಖ್ಯ ಪಾಸ್‌ವರ್ಡ್. ಅದನ್ನು ಒಂದು ಸಲವಲ್ಲ, ಲಕ್ಷಾಂತರ ಸಲ ಮತ್ತೆ ಮತ್ತೆ ಬೀಸಿ ಅದರಿಂದ ಗೂಢಲಿಪಿಯ ಕೀಲಿಯನ್ನು ಪಡೆಯುತ್ತಾರೆ. ಬಳಕೆಯಲ್ಲಿರುವ ಒಂದು ಕ್ರಮಕ್ಕೆ ತಜ್ಞರ ಇತ್ತೀಚಿನ ಶಿಫಾರಸು 6 ಲಕ್ಷ ಸಲ. ನಿಮಗೆ ಇದರಿಂದ ಅರೆಕ್ಷಣ ತಡವಾಗುತ್ತದೆ, ಅಷ್ಟೇ. ಊಹಿಸುತ್ತ ಕುಳಿತ ಕಳ್ಳನಿಗೆ ಮಾತ್ರ ಪ್ರತಿ ಊಹೆಗೂ 6 ಲಕ್ಷ ಪಟ್ಟು ಕೆಲಸ.

ಪಾಲಕರ ಸಭೆಯಲ್ಲಿ ಈ ವಿಷಯ ಹೇಳಿದಾಗ ತಪ್ಪದೆ ಬರುವ ಪ್ರಶ್ನೆಯೊಂದಿದೆ: ‘ಅಲ್ಲ ಮೇಷ್ಟ್ರೇ, ಎಲ್ಲಾನೂ ಒಂದೇ ಕಡೆ ಇಟ್ರೆ ಎಲ್ಲಾ ಒಟ್ಟಿಗೇ ಹೋಗಲ್ವಾ?’ ಪ್ರಶ್ನೆ ನ್ಯಾಯವಾದದ್ದೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪ್ರಸಿದ್ಧ ಪಾಸ್‌ವರ್ಡ್ ಮ್ಯಾನೇಜರ್ ಸಂಸ್ಥೆಯಿಂದಲೇ ಗ್ರಾಹಕರ ಪೆಟ್ಟಿಗೆಗಳ ನಕಲುಗಳು ಕಳುವಾದವು. ತಾಣಗಳ ವಿಳಾಸಗಳು ಗೂಢಲಿಪಿಯಲ್ಲಿರಲಿಲ್ಲ, ಪಾಸ್‌ವರ್ಡ್‌ಗಳು ಇದ್ದವು. ಆದ್ದರಿಂದ ಉದ್ದನೆಯ, ಊಹಿಸಲಾಗದ ಮುಖ್ಯ ಪಾಸ್‌ವರ್ಡ್ ಇಟ್ಟವರ ಪೆಟ್ಟಿಗೆ ಕಳ್ಳನ ಮನೆಯಲ್ಲೂ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ದುರ್ಬಲ ಪಾಸ್‌ವರ್ಡ್ ಇಟ್ಟವರಿಗೆ ಮಾತ್ರ ನಿಜವಾದ ಅಪಾಯ. ಎಂದರೆ ಪೆಟ್ಟಿಗೆ ಎಲ್ಲಿದೆ ಎಂಬುದಕ್ಕಿಂತ ಅದರ ಬೀಗದ ಕೈ ಎಂಥದು ಎಂಬುದೇ ಮುಖ್ಯ.

ಯಾವ ಪೆಟ್ಟಿಗೆ ಆರಿಸಬೇಕು? ಹಣ ಕೊಡದೆ ಸಿಗುವವೇ ಸಾಕು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಪಾಸ್‌ವರ್ಡ್ ಮ್ಯಾನೇಜರ್ ಜೊತೆಯಲ್ಲೇ ಬರುತ್ತದೆ. ಐಫೋನಿನಲ್ಲಿ 2024ರಿಂದ ‘ಪಾಸ್‌ವರ್ಡ್ಸ್’ ಎಂಬ ಪ್ರತ್ಯೇಕ ಆ್ಯಪ್ ಇದೆ. ಮೂಲ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ಬಿಟ್‌ವಾರ್ಡನ್ ಇದೆ. ಅಂತರಜಾಲಕ್ಕೆ ಏನನ್ನೂ ಕಳಿಸದೆ ಕಡತವನ್ನು ಫೋನಿನಲ್ಲೇ ಇಡಬೇಕೆನ್ನುವವರಿಗೆ ಕೀಪಾಸ್‌ಡಿಎಕ್ಸ್ ಇದೆ. ಆದರೆ ಆ ಕಡತದ ನಕಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವ ಹೊಣೆ ನಿಮ್ಮದು. ಗೂಗಲ್‌ನದನ್ನು ಬಳಸುವವರು ಒಂದನ್ನು ಮರೆಯಬಾರದು: ಅಲ್ಲಿ ಪೆಟ್ಟಿಗೆಯ ಕೈ ಎಂದರೆ ಗೂಗಲ್ ಖಾತೆಯ ಪಾಸ್‌ವರ್ಡ್ ಮತ್ತು ಫೋನಿನ ಪರದೆಯ ಬೀಗ. ಅವೆರಡೂ ಗಟ್ಟಿಯಾಗಿರಬೇಕು.

ಪೆಟ್ಟಿಗೆಯಿಂದ ಇನ್ನೊಂದು ದೊಡ್ಡ ಲಾಭವಿದೆ. ಅಸಲಿಯಂತೆಯೇ ಕಾಣುವ ನಕಲಿ ತಾಣಗಳನ್ನು ಕಟ್ಟಿ ಪಾಸ್‌ವರ್ಡ್ ಕದಿಯುವುದು ಇಂದಿನ ಸಾಮಾನ್ಯ ವಂಚನೆ. ವಿಳಾಸದಲ್ಲಿ ಒಂದಕ್ಷರ ಬದಲಾಗಿದ್ದರೆ ನಮ್ಮ ಕಣ್ಣು ಮೋಸಹೋಗುತ್ತದೆ. ಪೆಟ್ಟಿಗೆಯಾದರೋ ವಿಳಾಸವನ್ನು ಅಕ್ಷರಕ್ಕಕ್ಷರ ಹೋಲಿಸುತ್ತದೆ. ಹೊಂದದಿದ್ದರೆ ಪಾಸ್‌ವರ್ಡ್ ತುಂಬುವುದಿಲ್ಲ. ‘ಇವತ್ತು ಯಾಕೋ ತಾನಾಗಿ ತುಂಬಲಿಲ್ಲ’ ಎನಿಸಿದರೆ ಕೈಯಿಂದ ತುಂಬಲು ಹೋಗದೆ, ವಿಳಾಸವನ್ನು ಇನ್ನೊಮ್ಮೆ ಓದಿ.

ನಿಘಂಟಿನಿಂದ ನಾಲ್ಕು ಪದ

ಮುಖ್ಯ ಪಾಸ್‌ವರ್ಡನ್ನು ಆರಿಸುವುದು ಮನೆಮಂದಿ ಕುಳಿತು ಆಡಬಹುದಾದ ಆಟ. ಒಂದು ಕನ್ನಡ ನಿಘಂಟು ತೆಗೆದುಕೊಳ್ಳಿ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ ಕುಲುಕಿ. ಚೀಟಿ ಎತ್ತಿ ಪುಟದ ಸಂಖ್ಯೆ, ಮತ್ತೆ ಎತ್ತಿ ಆ ಪುಟದಲ್ಲಿ ಎಷ್ಟನೆಯ ಪದ ಎಂಬುದನ್ನು ತೀರ್ಮಾನಿಸಿ. ಪ್ರತಿ ಸಲ ಎತ್ತಿದ ಚೀಟಿಯನ್ನು ಡಬ್ಬಿಗೆ ಮರಳಿ ಹಾಕಬೇಕು. ‘ಒರಳು ರಸೀದಿ ಗುಡುಗು ಹಂಸ’ ಎಂಬಂಥ ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದಗಳು ಸಿಗುತ್ತವೆ. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಾಗಿ ಬರೆದರೆ ಅದೇ ನಿಮ್ಮ ಬೀಗದ ಕೈ. ಪತ್ರಿಕೆಯಲ್ಲಿ ಅಚ್ಚಾದ ಈ ನಾಲ್ಕನ್ನು ಮಾತ್ರ ಬಳಸಬೇಡಿ!

ಲೆಕ್ಕ ನೋಡಿ. ನಿಘಂಟಿನಲ್ಲಿ 10,000 ಪದಗಳಿದ್ದರೆ, ಚೀಟಿಯಿಂದ ಬಂದ ಒಂದೊಂದು ಪದವೂ ನಾಲ್ಕು ಅಂಕಿಗಳಿಗೆ ಸಮ. ನಾಲ್ಕು ಪದ ಎಂದರೆ ಹದಿನಾರು ಅಂಕಿ. ಸಾಧ್ಯತೆಗಳು 10ರ ಹದಿನಾರನೆಯ ಘಾತ. ಸೆಕೆಂಡಿಗೆ 1000 ಕೋಟಿ ಊಹೆ ಮಾಡುವ ಆ ಯಂತ್ರಕ್ಕೆ ಹಗುರ ಬೀಸುವಿಕೆಯಾದರೆ ಹನ್ನೆರಡು ದಿನ ಸಾಕು. ಆದರೆ ಪ್ರತಿ ಊಹೆಗೂ 6 ಲಕ್ಷ ಸಲ ಬೀಸಬೇಕಾದಾಗ ಬೇಕಾಗುವ ಕಾಲ ಸುಮಾರು 19,000 ವರ್ಷ. ಕಳ್ಳ ಸಾವಿರ ಯಂತ್ರ ತಂದನೆಂದು ಅಂಜುವವರು ಐದನೆಯ ಪದ ಸೇರಿಸಲಿ. ಕಾಲ ಮತ್ತೆ 10,000 ಪಟ್ಟು ಹೆಚ್ಚುತ್ತದೆ. ನೆನಪಿಡುವುದೂ ಸುಲಭ. ಒರಳಿನ ಮೇಲೆ ರಸೀದಿ, ಗುಡುಗಿಗೆ ಬೆದರಿದ ಹಂಸ ಎಂದು ಒಂದು ಚಿತ್ರ ಕಲ್ಪಿಸಿಕೊಂಡರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಚೀಟಿ ಎತ್ತುವ ಗೋಜೇಕೆ, ನಾನೇ ಆರಿಸುತ್ತೇನೆ ಎನ್ನಬೇಡಿ. ಮನುಷ್ಯನ ಮನಸ್ಸು ಮನೆದೇವರು, ಸಿನಿಮಾ ಹಾಡು, ಮೆಚ್ಚಿನ ಗಾದೆಗಳತ್ತಲೇ ಹೋಗುತ್ತದೆ. ಕಳ್ಳನ ಪಟ್ಟಿಯೂ ಅಲ್ಲಿಂದಲೇ ಶುರುವಾಗುತ್ತದೆ.

ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಬೇಕು ಎಂಬ ಹಳೆಯ ಉಪದೇಶವನ್ನೂ ತಜ್ಞರು ಕೈಬಿಟ್ಟಿದ್ದಾರೆ. ಹಾಗೆ ಒತ್ತಾಯಿಸಿದರೆ ಜನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಅಮೆರಿಕದ ಮಾನಕಗಳ ಸಂಸ್ಥೆಯು 2017ರಲ್ಲಿ, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕೆಂದಿತು.

ಫೋನಿನ ಬಾಗಿಲು ಭದ್ರವಿರಲಿ

ಪೆಟ್ಟಿಗೆ ಎಷ್ಟೇ ಗಟ್ಟಿಯಾದರೂ ಅದಿರುವ ಮನೆಯ ಬಾಗಿಲು ತೆರೆದಿರಬಾರದು. ಫೋನಿನ ಪರದೆಗೆ ಬೀಗ ಹಾಕದವರು ಇಂದೇ ಹಾಕಲಿ. ಈಚಿನ ಫೋನುಗಳು ತಮ್ಮೊಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿಯೇ ಇಡುತ್ತವೆ. ಆದರೆ ಪರದೆಗೆ ಬೀಗವೇ ಇಲ್ಲದಿದ್ದರೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಬೆರಳಚ್ಚು ಬಳಸಬಹುದು. ಅದು ಚಿತ್ರವಾಗಿ ಎಲ್ಲಿಗೂ ಹೋಗುವುದಿಲ್ಲ. ಗಣಿತ ರೂಪದಲ್ಲಿ ಫೋನಿನೊಳಗಿನ ಭದ್ರ ಭಾಗದಲ್ಲೇ ಇರುತ್ತದೆ. ಫೋನನ್ನು ಮಕ್ಕಳೂ ಬಳಸುವುದಾದರೆ, ಪಾಸ್‌ವರ್ಡ್ ಪೆಟ್ಟಿಗೆ ಒಂದೆರಡು ನಿಮಿಷದಲ್ಲಿ ತಾನೇ ಮುಚ್ಚಿಕೊಳ್ಳುವಂತೆ ಏರ್ಪಡಿಸಿ.

ಬೀಗ ಹಾಕಿದ ಪರದೆಯ ಮೇಲೂ ಒಟಿಪಿ ಸಂದೇಶ ಕಾಣಿಸುವ ಫೋನುಗಳಿವೆ. ಸೂಚನೆಗಳ ಒಳವಿಷಯವನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಫೋನ್ ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೂ ಒಟಿಪಿ ಅವನಿಗೇ ಹೋಗುತ್ತದೆ. ಅದನ್ನು ತಡೆಯಲು ಸಿಮ್‌ಗೂ ಪಿನ್ ಇಡಬಹುದು. ಇದಕ್ಕೆ ಮೊದಲು ಕಂಪನಿ ಕೊಟ್ಟಿರುವ ಮೂಲ ಪಿನ್ ತಿಳಿದುಕೊಳ್ಳಿ. ಮೂರು ಸಲ ತಪ್ಪಿದರೆ ಸಿಮ್ ಮುಚ್ಚಿಕೊಂಡು ಪಿಯುಕೆ ಸಂಖ್ಯೆ ಕೇಳುತ್ತದೆ.

ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತಗಳನ್ನು ಒತ್ತಲೇಬೇಡಿ. ಎಪಿಕೆ ಎಂದರೆ ಕರೆಯೋಲೆಯಲ್ಲ, ಒಂದು ಆ್ಯಪ್. ಅದು ಒಳಗೆ ಬಂದು ಪರದೆಯನ್ನು ಓದುವ ಅನುಮತಿ ಪಡೆದರೆ, ನೀವೇ ತೆರೆದ ಪೆಟ್ಟಿಗೆಯನ್ನು ನಿಮ್ಮ ಹಿಂದೆ ನಿಂತು ನೋಡಿದಂತೆ.

ಇ-ಮೇಲ್‌ಗೆ ಎರಡು ಹಂತದ ಪರಿಶೀಲನೆ ಏರ್ಪಡಿಸುವುದನ್ನು ತಪ್ಪಿಸಬೇಡಿ. ಆಗ ಪಾಸ್‌ವರ್ಡ್ ಕದ್ದವನಿಗೂ ಎರಡನೆಯ ಬಾಗಿಲು ತೆರೆಯದು. ಈಚೆಗೆ ಪಾಸ್‌ಕೀ ಎಂಬ ಹೊಸ ಕ್ರಮವೂ ಬರುತ್ತಿದೆ. ಇದರಲ್ಲಿ ಗುಟ್ಟಿನ ಕೀಲಿ ತಾಣಕ್ಕೆ ಹೋಗುವುದೇ ಇಲ್ಲ. ತಾಣದಲ್ಲಿರುವುದು ಕದ್ದರೂ ಉಪಯೋಗಕ್ಕೆ ಬಾರದ ಅದರ ಜೋಡಿ ಮಾತ್ರ. ಆಪಲ್, ಗೂಗಲ್, ಮೈಕ್ರೊಸಾಫ್ಟ್ ಮೂರೂ 2022ರಲ್ಲಿ ಇದನ್ನು ಬೆಂಬಲಿಸಲು ಒಪ್ಪಿದವು. ಕೊಟ್ಟಿರುವ ಕಡೆ ಬಳಸಿ.

ಕಾಗದಕ್ಕೂ ಒಂದು ಜಾಗ

ಇಷ್ಟು ಹೇಳಿದ ಮೇಲೆ, ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಡಿ ಎಂದರೆ ಸೋಜಿಗವೆನಿಸಬಹುದು. ಆದರೆ ದೂರದೇಶದ ಕಳ್ಳ ನಿಮ್ಮ ಬೀರುವಿಗೆ ಕೈಹಾಕಲಾರ. ಮುಖ್ಯ ಪಾಸ್‌ವರ್ಡ್, ಇ-ಮೇಲ್ ಕಂಪನಿ ಕೊಡುವ ತುರ್ತು ಸಂಕೇತಗಳು (ಗೂಗಲ್ ಇಂಥ ಹತ್ತನ್ನು ಕೊಡುತ್ತದೆ), ಫೋನಿನ ಐಎಂಇಐ ಸಂಖ್ಯೆ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಜಮೀನಿನ ಪತ್ರಗಳ ಜೊತೆ ಇಡಿ. ಐಎಂಇಐ ತಿಳಿಯಲು *#06# ಒತ್ತಿದರೆ ಸಾಕು. ಎಟಿಎಂ ಮತ್ತು ಯುಪಿಐ ಪಿನ್‌ಗಳು ಮಾತ್ರ ಅವರವರ ತಲೆಯಲ್ಲೇ ಇರಲಿ.

ಈ ಲಕೋಟೆ ಮರೆವಿಗಷ್ಟೇ ಮದ್ದಲ್ಲ. ಖಾತೆಗಳೆಲ್ಲ ಅಪ್ಪನ ಹೆಸರಿನಲ್ಲಿದ್ದು, ಅವರೇ ಆಸ್ಪತ್ರೆಯಲ್ಲಿ ಮಲಗಿದ ಹೊತ್ತಿನಲ್ಲಿ ಮಗಳ ಅರ್ಜಿಯ ಕೊನೆಯ ದಿನ ಬರಬಹುದು. ಲಕೋಟೆ ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬ ಹಿರಿಯರಿಗಾದರೂ ತಿಳಿದಿರಬೇಕು.

ಸೈಬರ್ ಸೆಂಟರಿನ ಮಾತೂ ಇಲ್ಲೇ ಹೇಳಬೇಕು. ಎಷ್ಟೋ ಹಳ್ಳಿಗಳ ಮಕ್ಕಳಿಗೆ ಅವರು ಮಾಡುವ ಉಪಕಾರ ದೊಡ್ಡದು. ಆದರೆ ಅರ್ಜಿ ತುಂಬಿಸುವಾಗ ಇ-ಮೇಲ್ ವಿಳಾಸವೂ ಮೊಬೈಲ್ ಸಂಖ್ಯೆಯೂ ನಿಮ್ಮದೇ ಆಗಿರಲಿ. ಪಾಸ್‌ವರ್ಡನ್ನು ನೀವೇ ಒತ್ತಿ. ಮನೆಗೆ ಬಂದ ದಿನವೇ ನಿಮ್ಮ ಫೋನಿನಿಂದ ಅದನ್ನು ಬದಲಿಸಿ ಪೆಟ್ಟಿಗೆಗೆ ಸೇರಿಸಿ.

ಫೋನೇ ಕಳೆದರೆ

ಗಾಬರಿಯಲ್ಲಿ ಕ್ರಮ ತಪ್ಪಬಾರದು. ಮೊದಲು ಸಿಮ್ ಕಂಪನಿಗೆ ತಿಳಿಸಿ ಸಂಖ್ಯೆಯನ್ನು ತಡೆಹಿಡಿಸಿ. ಆಮೇಲೆ ಬ್ಯಾಂಕಿಗೆ ತಿಳಿಸಿ. ಮನೆಯ ಇನ್ನೊಂದು ಫೋನಿನಿಂದ ಗೂಗಲ್ ಅಥವಾ ಆಪಲ್ ಖಾತೆಗೆ ಹೋಗಿ ಕಳೆದ ಫೋನಿಗೆ ದೂರದಿಂದಲೇ ಬೀಗ ಹಾಕಬಹುದು, ಅಳಿಸಲೂಬಹುದು. ಒಟಿಪಿ ಬರದ ಆ ಹೊತ್ತಿನಲ್ಲಿ ಲಕೋಟೆಯ ತುರ್ತು ಸಂಕೇತಗಳು ನೆರವಿಗೆ ಬರುತ್ತವೆ. ನಂತರ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಐಎಂಇಐ ಸಂಖ್ಯೆಯನ್ನು ನಮೂದಿಸಿದರೆ ಆ ಫೋನು ದೇಶದ ಯಾವ ಜಾಲದಲ್ಲೂ ಕೆಲಸ ಮಾಡದಂತೆ ತಡೆಯುತ್ತಾರೆ. 2023ರಿಂದ ಈ ಸೌಲಭ್ಯ ದೇಶದಾದ್ಯಂತ ಇದೆ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆಮಾಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಗೆಳೆಯನ ಪಾಸ್‌ವರ್ಡ್ ನೋಡಿಕೊಂಡು ಅವನ ಖಾತೆ ತೆರೆಯುವುದು ತಮಾಷೆಯಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ.

ಇವನ್ನೆಲ್ಲ ಒಂದೇ ದಿನ ಮಾಡಿ ಮುಗಿಸಬೇಕೆಂದಿಲ್ಲ. ಈ ಭಾನುವಾರ ನಿಘಂಟು, ಚೀಟಿ, ಡಬ್ಬಿ ತೆಗೆದುಕೊಂಡು ಮಕ್ಕಳ ಜೊತೆ ಕುಳಿತು ನಾಲ್ಕು ಪದ ಆರಿಸಿ, ಪೆಟ್ಟಿಗೆಯೊಂದನ್ನು ತೆರೆಯಿರಿ. ಮೊದಲು ಇ-ಮೇಲ್ ಪಾಸ್‌ವರ್ಡ್ ಬದಲಿಸಿ; ಉಳಿದ ತಾಣಗಳ ‘ಮರೆತಿರಾ?’ ಪತ್ರಗಳೆಲ್ಲ ಬರುವುದು ಅಲ್ಲಿಗೇ. ಮುಂದಿನ ವಾರ ಬ್ಯಾಂಕು, ಅದರ ಮುಂದಿನ ವಾರ ಪರೀಕ್ಷೆ ಮತ್ತು ವಿದ್ಯಾರ್ಥಿವೇತನದ ತಾಣಗಳು. ಎಲ್ಲವೂ ಪೆಟ್ಟಿಗೆ ಸೇರಿದ ಮೇಲೆ ನೋಟ್ಸ್, ಫೋಟೊ, ವಾಟ್ಸಾಪ್‌ಗಳಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡ್‌ಗಳನ್ನು ಹುಡುಕಿ ಅಳಿಸಿ. ‘ಎಟಿಎಂ ಮಾಮ’ನನ್ನೂ ಬಿಡಬೇಡಿ.